ಅಂಗಳದ ಅಡಿಕೆ ಸಿಪ್ಪೆಗೂ ಕೋರಮಂಗಲದ ಗ್ಯಾರೇಜಿಗೂ ಏನು ಸಂಬಂಧ?

ಭಾಗ 1 | ಸಿಪ್ಪೆ ರಾಶಿ

ಜಾಲ್ಸೂರಿನಿಂದ ಸುಳ್ಯದ ಕಡೆ ಹೋಗಿ, ಕಾಸರಗೋಡಿನ ಕಡೆ ಹೋಗಿ, ಒಂದು ನೋಟ ತಪ್ಪುವುದಿಲ್ಲ: ಮನೆ ಹಿಂದೆ ಅಡಿಕೆ ಸಿಪ್ಪೆಯ ರಾಶಿ. ಹಣ್ಣಡಿಕೆಯಲ್ಲಿ ನೂರಕ್ಕೆ 60ರಿಂದ 80 ಪಾಲು ಸಿಪ್ಪೆಯೇ ಅಂತೆ ಅಲ್ಲ, ಲೆಕ್ಕ ಹಾಕಿದ ಮಾತು ಅದು. ಸುಲಿದ ಅಡಿಕೆ ಮಾರಾಟಕ್ಕೆ, ಸಿಪ್ಪೆ ಬಚ್ಚಲ ಒಲೆಗೆ ಅಥವಾ ಮರದ ಬುಡಕ್ಕೆ. ಬುಡಕ್ಕೆ ಹಾಕಿದ್ದು ಬೇಗ ಕರಗುವುದೂ ಇಲ್ಲ.

ಆದರೆ ಮಳೆಗಾಲದಲ್ಲಿ ಮೂಲೆಯಲ್ಲಿ ಮರೆತ ಹತ್ತಿ ಬಟ್ಟೆ? ಕಪ್ಪು ಚುಕ್ಕೆ, ವಾಸನೆ, ಎಳೆದರೆ ಹರಿದೇ ಹೋಗ್ತದೆ. ಎರಡೂ ಗಿಡದಿಂದ ಬಂದ ನಾರೇ. ಹಾಗಾದ್ರೆ ಈ ವ್ಯತ್ಯಾಸ ಯಾಕೆ? ಇದನ್ನು ಕೇಳುತ್ತಾ ಹೋದರೆ ಒಂದು ಉದ್ಯಮದ ಚರಿತ್ರೆಯೇ ಸಿಗ್ತದೆ.

ಭಾಗ 2 | ಕೊಳೆತ ಡೇರೆ

ಎರಡನೇ ಮಹಾಯುದ್ಧದ ಕಾಲ. ದಕ್ಷಿಣ ಪೆಸಿಫಿಕ್‌ನ ದ್ವೀಪಗಳಲ್ಲಿ ನಮ್ಮ ಆಟಿಯಂಥ ಮಳೆ. ಅಮೆರಿಕದ ಸೈನಿಕರ ಡೇರೆ, ಬಟ್ಟೆಗಳೆಲ್ಲ ಕೊಳೆತು ಹೋಗುತ್ತಿದ್ದವು. ಬೋಗನ್‌ವಿಲ್ ದ್ವೀಪದಲ್ಲಿ ಕೊಳೆತ ಹತ್ತಿ ಬಟ್ಟೆಯಿಂದ ಒಂದು ಶಿಲೀಂಧ್ರ ಸಿಕ್ಕಿತು. ಅದನ್ನು ತಡೆಯುವುದು ಹೇಗೆ ಎಂದು ಹೊರಟವರು ವಿಜ್ಞಾನಿ ಎಲ್ವಿನ್ ರೀಸ್. ಮುಂದೆ ಮ್ಯಾಸಚೂಸೆಟ್ಸ್‌ನ ನೇಟಿಕ್ ಸೇನಾ ಪ್ರಯೋಗಾಲಯದಲ್ಲಿ ಮೇರಿ ಮ್ಯಾಂಡಲ್ಸ್ ಕೂಡ ಅವರ ಜೊತೆಗಿದ್ದರು.

ಹತ್ತಿ ಎಂದರೆ ಹೆಚ್ಚುಕಡಿಮೆ ಪೂರ್ತಿ ಸೆಲ್ಯುಲೋಸ್, ಅಂದರೆ ಗ್ಲೂಕೋಸಿನ ಉದ್ದದ ಸರಪಳಿ. ಈ ಶಿಲೀಂಧ್ರ ಸೆಲ್ಯುಲೇಸ್ ಎಂಬ ಕಿಣ್ವಗಳನ್ನು ಹೊರಗೆ ಬಿಟ್ಟು ಸರಪಳಿ ಕತ್ತರಿಸಿ ಸಕ್ಕರೆ ಮಾಡಿಕೊಂಡು ತಿನ್ನುತ್ತದೆ. 1970ರ ದಶಕದಲ್ಲಿ ತೈಲದ ಬೆಲೆ ಏರಿದಾಗ ಅದೇ ಪ್ರಯೋಗಾಲಯ ಪ್ರಶ್ನೆಯನ್ನೇ ತಿರುಗಿಸಿತು: ಕಸದ ಕಾಗದದಿಂದ ಸಕ್ಕರೆ ಮಾಡಬಹುದಾ? 1977ರಲ್ಲಿ ಆ ಶಿಲೀಂಧ್ರಕ್ಕೆ ರೀಸ್ ಅವರ ಹೆಸರನ್ನೇ ಇಟ್ಟರು: ಟ್ರೈಕೋಡರ್ಮಾ ರೀಸೈ. ನಿಮ್ಮ ಮನೆಯಲ್ಲಿ ಕರಿಮೆಣಸಿನ ಬುಡಕ್ಕೆ ಗೊಬ್ಬರದಲ್ಲಿ ಬೆರೆಸುವ ಟ್ರೈಕೋಡರ್ಮಾ ಉಂಟಲ್ಲ, ಅದರ ದಾಯಾದಿಯೇ ಇದು. ಇವತ್ತು ಜೀನ್ಸ್ ಬಟ್ಟೆಯನ್ನು ಹಳೆಯದರ ಹಾಗೆ ಕಾಣಿಸುವುದಕ್ಕೂ ಸೆಲ್ಯುಲೇಸ್ ಬಳಸುತ್ತಾರೆ.

ಭಾಗ 3 | ಬೆಂಗಳೂರು, 1978

ಆಗ ಕಿರಣ್ ಮಜುಂದಾರ್ ಅವರಿಗೆ 25 ವರ್ಷ. ಆಸ್ಟ್ರೇಲಿಯಾದಲ್ಲಿ ಬಿಯರ್ ತಯಾರಿಕೆ ಕಲಿತು ಬಂದರೂ ಇಲ್ಲಿ ಕೆಲಸ ಸಿಗಲಿಲ್ಲ. ಅದು ಗಂಡಸರ ಕೆಲಸ ಎಂಬ ಉತ್ತರ. ಐರ್ಲೆಂಡಿನ ಕಾರ್ಕ್‌ನ ಬಯೋಕಾನ್ ಕಂಪನಿಯ ಜೊತೆ ಸೇರಿ, ಕೋರಮಂಗಲದ ಬಾಡಿಗೆ ಮನೆಯ ಗ್ಯಾರೇಜಿನಲ್ಲಿ, 10,000 ರೂಪಾಯಿ ಬಂಡವಾಳದಲ್ಲಿ ಬಯೋಕಾನ್ ಇಂಡಿಯಾ ಶುರು ಮಾಡಿದರು.

ಮೊದಲ ಸರಕುಗಳಲ್ಲಿ ಒಂದು ಪಪೈನ್. ಎಲ್ಲಿಂದ ಗೊತ್ತುಂಟಾ? ನಮ್ಮ ಬಪ್ಪಂಗಾಯಿಯ ಹಾಲಿನಿಂದ! ಅದು ಕತ್ತರಿಸುವುದು ಪ್ರೋಟೀನನ್ನು. ಬಿಯರ್ ಕದಡದೆ ತಿಳಿಯಾಗಿ ಉಳಿಯಲು ಬೇಕು. ವರ್ಷದೊಳಗೆ ಕಿಣ್ವ ಅಮೆರಿಕ, ಯುರೋಪಿಗೆ ಹೊರಟಿತು.

ಭಾಗ 4 | ತೌಡಿನ ತಟ್ಟೆ

ಬಪ್ಪಂಗಾಯಿ ಹಾಲು ಹಿಂಡುವುದಕ್ಕೆ ಮಿತಿ ಉಂಟು. ಶಿಲೀಂಧ್ರ ಬೆಳೆಸಿದರೆ ಬೇರೆ ಬೇರೆ ಕಿಣ್ವ ಪಡೆಯಬಹುದು. ಹಣ್ಣಿನ ರಸ ತಿಳಿಯಾಗಿಸುವ ಪೆಕ್ಟಿನೇಸ್ ಅಂಥದ್ದು. ಸಾಮಾನ್ಯವಾಗಿ ಇದಕ್ಕೆ ದೊಡ್ಡ ಟ್ಯಾಂಕು, ತುಂಬಾ ನೀರು ಬೇಕು. ಆದರೆ ಜಪಾನಿನವರು ಸೋಯಾ ಸಾಸಿಗೆ ಮಾಡುವ ಕೋಜಿ ಬೇರೆ ರೀತಿ: ಬೇಯಿಸಿದ ಒದ್ದೆ ಧಾನ್ಯದ ಮೇಲೇ ಶಿಲೀಂಧ್ರ ಬೆಳೆಸುವುದು. ತೌಡಿನಂಥ ಅಗ್ಗದ ವಸ್ತುವಿನ ಮೇಲೂ ಇದು ನಡೆಯುತ್ತದೆ. ಬಯೋಕಾನ್ ಈ ದಾರಿ ಹಿಡಿಯಿತು. 1987ರಲ್ಲಿ ಐಸಿಐಸಿಐಯ ನಾರಾಯಣನ್ ವಾಘುಲ್ ಅವರ ಬೆಂಬಲದಿಂದ 2.5 ಲಕ್ಷ ಡಾಲರ್ ನೆರವು ಸಿಕ್ಕಿತು. ಹೊಸ ಘಟಕ ಎದ್ದಿತು.

2007ರಲ್ಲಿ ಬಯೋಕಾನ್ ತನ್ನ ಕಿಣ್ವ ವ್ಯವಹಾರವನ್ನು ಡೆನ್ಮಾರ್ಕಿನ ನೋವೋಜೈಮ್ಸ್‌ಗೆ 11.5 ಕೋಟಿ ಡಾಲರಿಗೆ ಮಾರಿತು. ಆ ಹೊತ್ತಿಗೆ ಕಂಪನಿಯ ಗಮನ ಔಷಧಗಳ ಕಡೆಗಿತ್ತು. ಗ್ಯಾರೇಜಿನಲ್ಲಿ ಹುಟ್ಟಿದ ಕೆಲಸ ಕೈ ಬದಲಾಯಿತು.

ಭಾಗ 5 | ಮತ್ತೆ ಅಂಗಳಕ್ಕೆ

ಈಗ ನಮ್ಮ ಪ್ರಶ್ನೆಗೆ ಉತ್ತರ. ಅಡಿಕೆ ಸಿಪ್ಪೆಯಲ್ಲೂ ಸೆಲ್ಯುಲೋಸ್ ಉಂಟು, ಆದರೆ ಅದನ್ನು ಲಿಗ್ನಿನ್ ಎಂಬ ಗಟ್ಟಿ ವಸ್ತು ಸುತ್ತಿಕೊಂಡಿದೆ. ಹತ್ತಿಯಲ್ಲಿ ಆ ಬೇಲಿ ಇಲ್ಲ. ಬೇಲಿ ಮುರಿಯದೆ ಸೆಲ್ಯುಲೇಸ್ ಒಳಗೆ ಹೋಗಲಾರದು. ಮುರಿಯಲು ಆವಿ, ರಾಸಾಯನಿಕ, ಖರ್ಚು. ಒಲೆಗೆ ಹಾಕುವುದೇ ಸುಲಭ ಎನ್ನಿಸುವುದು ಅದಕ್ಕೇ.

ಬೇಲಿ ಮುರಿಯುವ ಕಿಣ್ವ ಚಿಪ್ಪು ಅಣಬೆಗೆ ಉಂಟು. ಜಾಲ್ಸೂರಿನಿಂದ ಒಂದೇ ರಸ್ತೆಯಲ್ಲಿ ಸಿಗುವ ಕಾಸರಗೋಡಿನ ಸಿಪಿಸಿಆರ್‌ಐ ವಿಜ್ಞಾನಿಗಳು ಅಡಿಕೆ, ತೆಂಗಿನ ತೋಟದ ಕಸದ ಮೇಲೆ ಈ ಅಣಬೆ ಬೆಳೆಸಿ ತೋರಿಸಿದ್ದಾರೆ. ಎರೆಹುಳು ಗೊಬ್ಬರವನ್ನೂ ಮಾಡಿದ್ದಾರೆ. ಅದರ ವಿಟ್ಲ ಕೇಂದ್ರ 1956ರಿಂದ ಅಡಿಕೆಯ ಮೇಲೆ ಕೆಲಸ ಮಾಡುತ್ತಿದೆ. ಆದರೂ ಮನೆಮನೆಯ ಸಿಪ್ಪೆಗೆ ಅಗ್ಗದ, ಸುಲಭದ ದಾರಿ ಇನ್ನೂ ಬಾಕಿ. ಸೈನ್ಸ್ ತೆಗೆದುಕೊಂಡವರೇ, ಈ ಕೆಲಸ ಖಾಲಿ ಉಂಟು.

ಈ ವಾರ ಹಳೇ ರಾಶಿಯ ಅಡಿಭಾಗ ಕೆದಕಿ ನೋಡಿ. ಕೈ ಹಾಕಬೇಡಿ ಮಾರಾಯ್ರೆ, ಕೋಲಿನಲ್ಲಿ, ಹಾವು ಇರ್ತದೆ. ಬಿಳಿ ನೂಲಿನಂಥದ್ದು ಕಂಡರೆ ಫೋಟೋ ತೆಗೆದು ಕಳಿಸಿ. ಬೇಲಿ ಮುರಿಯುವವರು ಅಲ್ಲೇ ಇರಬಹುದು.

#ಜಾಲ್ಸೂರು #ಅಡಿಕೆ #ನಮ್ಮೂರವಿಜ್ಞಾನ