ಎಂಟು ಜನ, ಒಂದು ಪುಸ್ತಕ: ಊರೂರು ಸುತ್ತಿದ ಪೆಟ್ಟಿಗೆಯ ಕಥೆ

ಭಾಗ 1/7: ನಾನು ಕಳೆದ ಪುಸ್ತಕ

"ಬಿಕಾಂ ಓದೋಳು ಇತಿಹಾಸ ಯಾಕೆ ಬರೀತೀಯ?" ಅಂತ ಪ್ರತಿ ಸಲ ಒಬ್ಬರಾದರೂ ಕೇಳ್ತೀರಿ. ಈ ಸಲದ ಉತ್ತರ: ಒಂದು ಸಾಲ ತೀರಿಸೋದಕ್ಕೆ.

ಹೋದ ವರ್ಷ ನಾವು ಎಂಟು ಜನ ಸೇರಿ ಒಂದು ಓದುಬಳಗ ಶುರು ಮಾಡಿದ್ದು ಕೆಲವರಿಗೆ ನೆನಪಿರಬಹುದು. ತಿಂಗಳಿಗೊಂದು ಪುಸ್ತಕ, ಭಾನುವಾರ ಸಂಜೆ ಚರ್ಚೆ. ಮೊದಲ ತಿಂಗಳೇ ಸಮಸ್ಯೆ ಬಂತು. ಎಂಟು ಜನಕ್ಕೆ ಒಂದೇ ಕಾದಂಬರಿಯ ಎಂಟು ಪ್ರತಿ ಎಲ್ಲಿಂದ ತರೋದು? ನಮ್ಮ ಕಾಲೇಜು ಲೈಬ್ರರಿಯಲ್ಲಿ ಇದ್ದದ್ದು ಎರಡು. ಊರಿನ ಲೈಬ್ರರಿಯಲ್ಲಿ ಒಂದು. ಒಬ್ಬರ ಮನೆಯಲ್ಲಿ ಒಂದು. ಬೇರೆ ಕಾಲೇಜಿನಲ್ಲಿ ಓದೋ ಗೆಳತಿ ತನ್ನ ಕಾರ್ಡಿನಲ್ಲಿ ಎರಡು ತಂದಳು. ಉಳಿದಿಬ್ಬರು ಓದಿ ಮುಗಿಸಿದವರ ಹತ್ತಿರ ಇಸ್ಕೊಂಡು ಓದಿದರು.

ಚರ್ಚೆ ಚೆನ್ನಾಗೇ ಆಯ್ತು. ಆಮೇಲೆ ಅವಳ ಕಾರ್ಡಿನ ಒಂದು ಪ್ರತಿಯನ್ನ ನಾನು ಅರಸೀಕೆರೆ ಕಡೆ ಹೋಗೋ ಟ್ರೇನಲ್ಲಿ ಮರೆತು ಇಳಿದೆ. ಪರೀಕ್ಷೆ ಹತ್ತಿರ ಬಂದಾಗ ಅವಳ ಕಾಲೇಜಿನವರು ನೋ-ಡ್ಯೂ ಕೊಡಲಿಲ್ಲ. ದಂಡ ಕಟ್ಟಿದ್ದು ಅವಳು. ದುಡ್ಡು ನಾನು ಆಮೇಲೆ ಕೊಟ್ಟೆ, ಅವಳು ತಗೊಂಡಳು. ಆದರೆ ಬಳಗಕ್ಕೆ ಮತ್ತೆ ಬರಲಿಲ್ಲ. ಎರಡು ತಿಂಗಳಲ್ಲಿ ಬಳಗವೂ ನಿಂತುಹೋಯ್ತು.

ತುಂಬಾ ದಿನ ಇದು ನನ್ನ ಮರೆವಿನಿಂದ ಆದದ್ದು ಅಂದ್ಕೊಂಡಿದ್ದೆ. ಮರೆತದ್ದು ನಾನೇ, ಅದರಲ್ಲಿ ಎರಡು ಮಾತಿಲ್ಲ. ಆದರೆ ಹುಡುಕಿ ಓದ್ತಾ ಹೋದಾಗ ಗೊತ್ತಾಯ್ತು: ನಾವು ಎಂಟು ಜನ ಸಿಕ್ಕಿಬಿದ್ದ ಪ್ರಶ್ನೆಗೆ ಜಗತ್ತು ಇನ್ನೂರು ವರ್ಷದಿಂದ ಉತ್ತರ ಹುಡುಕ್ತಾ ಇದೆ. ಒಂದು ಪೆಟ್ಟಿಗೆ ಪುಸ್ತಕ ಹತ್ತು ಕೈ ದಾಟುವಾಗ ಅದಕ್ಕೆ ಜವಾಬ್ದಾರರು ಯಾರು?

ಭಾಗ 2/7: ನಾಲ್ಕು ಊರು, ಇನ್ನೂರು ಪುಸ್ತಕ

1817. ಸ್ಕಾಟ್ಲೆಂಡಿನ ಹ್ಯಾಡಿಂಗ್ಟನ್ ಅನ್ನೋ ಪುಟ್ಟ ಪಟ್ಟಣ. ಅಲ್ಲಿ ಸ್ಯಾಮ್ಯುಯೆಲ್ ಬ್ರೌನ್ ಅಂತ ಒಬ್ಬ ವ್ಯಾಪಾರಿ. ಸುತ್ತಲಿನ ಹಳ್ಳಿಯವರಿಗೆ ಓದೋಕೆ ಪುಸ್ತಕ ಇಲ್ಲ ಅನ್ನೋದು ಅವನ ಚಿಂತೆ. ಪ್ರತಿ ಹಳ್ಳಿಗೂ ಲೈಬ್ರರಿ ಕಟ್ಟೋಷ್ಟು ದುಡ್ಡು ಎಲ್ಲಿಂದ ಬರಬೇಕು?

ಅವನು 200 ಪುಸ್ತಕ ತಗೊಂಡು ತಲಾ ಐವತ್ತರ ನಾಲ್ಕು ಪಾಲು ಮಾಡಿದ. ಆಬರ್‌ಲೇಡಿ, ಸಾಲ್ಟನ್, ಟಿನಿಂಗ್‌ಹ್ಯಾಮ್, ಗಾರ್ವಾಲ್ಡ್ ಅನ್ನೋ ನಾಲ್ಕು ಹಳ್ಳಿಗೆ ಒಂದೊಂದು ಪಾಲು ಕಳಿಸಿದ. ಎರಡು ವರ್ಷ ಆದಮೇಲೆ ಈ ಊರಿನ ಪುಸ್ತಕ ಆ ಊರಿಗೆ, ಆ ಊರಿನದು ಮುಂದಿನ ಊರಿಗೆ.

ಕಾಮರ್ಸ್‌ನವರು ಇಲ್ಲಿ ಸ್ವಲ್ಪ ನಿಂತು ಲೆಕ್ಕ ಹಾಕಿ. ಒಂದು ಹಳ್ಳಿಗೆ ಸಿಕ್ಕಿದ್ದು 50 ಪುಸ್ತಕದ ಖರ್ಚು. ಎಂಟು ವರ್ಷದಲ್ಲಿ ಆ ಹಳ್ಳಿಯವರು ಓದಬಹುದಾದದ್ದು 200. ಕಪಾಟಿನಲ್ಲಿ ಧೂಳು ಹಿಡಿಯೋ ಪುಸ್ತಕ ಅಂದ್ರೆ ಮಾರಾಟ ಆಗದೆ ಗೋಡೌನಿನಲ್ಲಿ ಬಿದ್ದ ಸರಕು. ಅದೇ ಪುಸ್ತಕ ಊರು ಬದಲಾಯಿಸಿದ್ರೆ ಹೊಸ ಊರಿಗೆ ಅದು ಹೊಸ ಪುಸ್ತಕ. ನಾವು ಸ್ಟಾಕ್ ಟರ್ನೋವರ್ ಅಂತ ಬಾಯಿಪಾಠ ಮಾಡ್ತೀವಲ್ಲ, ಅದನ್ನೇ ಈ ಮನುಷ್ಯ ಪುಸ್ತಕಕ್ಕೆ ಹಚ್ಚಿದ್ದ.

ಪ್ರತಿ ಹಳ್ಳಿಯಲ್ಲೂ ಪುಸ್ತಕ ನೋಡಿಕೊಳ್ಳೋಕೆ ಒಬ್ಬರು ಒಪ್ಪಿಕೊಂಡಿರ್ತಿದ್ರು. ಅವರಿಗೆ ಸಂಬಳ ಇಲ್ಲ. ಆದರೆ ಆ 50 ಪುಸ್ತಕಕ್ಕೆ ಉತ್ತರ ಹೇಳಬೇಕಾದವರು ಅವರೇ. ಇದನ್ನ ನೆನಪಿಟ್ಕೊಳ್ಳಿ, ಮತ್ತೆ ಬರುತ್ತೆ.

ಭಾಗ 3/7: ಇಪ್ಪತ್ತೈದು ಸಹಿ

ಈಗ ಅಮೆರಿಕಕ್ಕೆ ಬನ್ನಿ. ಲೈಬ್ರರಿಯ ಪುಸ್ತಕದ ಬೆನ್ನ ಮೇಲೆ ಅಂಕಿ ಅಂಟಿಸಿರ್ತಾರಲ್ಲ, ಆ ದಶಮಾಂಶ ವರ್ಗೀಕರಣ ಮಾಡಿದ ಮೆಲ್ವಿಲ್ ಡ್ಯೂಯಿ 1893ರಲ್ಲಿ ನ್ಯೂಯಾರ್ಕ್ ರಾಜ್ಯದಿಂದ ಹಳ್ಳಿಗಳಿಗೆ ಪುಸ್ತಕದ ಪೆಟ್ಟಿಗೆ ಕಳಿಸೋಕೆ ಶುರು ಮಾಡಿದ. 100 ಪುಸ್ತಕ, ಆರು ತಿಂಗಳು, ಶುಲ್ಕ 5 ಡಾಲರ್. ಅಂದ್ರೆ ಪುಸ್ತಕಕ್ಕೆ 5 ಸೆಂಟ್.

ಊರಿನಲ್ಲಿ ಲೈಬ್ರರಿ ಇಲ್ಲದಿದ್ರೆ ಅಲ್ಲಿನ 25 ಜನ ತೆರಿಗೆದಾರರು ಸಹಿ ಹಾಕಿ ಅರ್ಜಿ ಕೊಡಬೇಕಿತ್ತು. ನನಗೆ ಇಷ್ಟವಾದದ್ದು ಈ ನಿಯಮ. ಯಾರೋ ಒಬ್ಬ ಉತ್ಸಾಹಿ ಕೇಳಿದ ಅಂತ ಪೆಟ್ಟಿಗೆ ಬರೋದಿಲ್ಲ. "ಇದು ನಮಗೆ ಬೇಕು, ಇದಕ್ಕೆ ನಾವು ಇದ್ದೀವಿ" ಅಂತ ಊರು ಹೇಳಬೇಕು.

ಇದೇ ಪದ್ಧತಿ ಬೇಗ ಬೇರೆ ರಾಜ್ಯಗಳಿಗೂ ಹೋಯ್ತು. ವಿಸ್ಕಾನ್ಸಿನ್‌ನಲ್ಲಿ ಲೂಟಿ ಸ್ಟರ್ನ್ಸ್ ಅನ್ನೋ ಮಹಿಳೆ ಚಳಿ, ಹಿಮ ಅನ್ನದೆ ಗಾಡಿಯಲ್ಲಿ ಓಡಾಡಿ ಪೆಟ್ಟಿಗೆ ತಲುಪಿಸಿದಳು. ಅವು ಇರ್ತಿದ್ದದ್ದು ದೊಡ್ಡ ಕಟ್ಟಡದಲ್ಲಲ್ಲ: ಅಂಚೆ ಕಚೇರಿ, ಅಂಗಡಿ, ಯಾರದೋ ಹೊಲದ ಮನೆ. ನಮ್ಮೂರಲ್ಲಿ ಹಾಲಿನ ಡೈರಿಯಲ್ಲಿ ಪೇಪರ್ ಇಟ್ಟಿರ್ತಾರಲ್ಲ, ಹಾಗೇ.

ಭಾಗ 4/7: ಬರೋಡದ ಮರದ ಪೆಟ್ಟಿಗೆ, ಮನ್ನಾರ್‌ಗುಡಿಯ ಎತ್ತಿನ ಗಾಡಿ

ಇದೆಲ್ಲ ಫಾರಿನ್ ಕಥೆ ಅನ್ನೋರಿಗೆ ಈ ಭಾಗ.

ಬರೋಡ ಸಂಸ್ಥಾನದ ಮಹಾರಾಜ ಮೂರನೇ ಸಯಾಜಿರಾವ್ ಗಾಯಕವಾಡ್ 1906ರಲ್ಲಿ ಇಡೀ ರಾಜ್ಯದಲ್ಲಿ ಪ್ರಾಥಮಿಕ ಶಿಕ್ಷಣ ಕಡ್ಡಾಯ ಮಾಡಿದರು. ಅದರ ಹಿಂದೆಯೇ ಇನ್ನೊಂದು ಪ್ರಶ್ನೆ. ಶಾಲೆ ಬಿಟ್ಟ ಮಕ್ಕಳು ಓದೋಕೆ ಏನೂ ಸಿಗದೆ ಅಕ್ಷರ ಮರೆತುಬಿಟ್ರೆ? ಅಷ್ಟೂ ಖರ್ಚು ವ್ಯರ್ಥ. 1910ರಲ್ಲಿ ಅವರು ಅಮೆರಿಕದಿಂದ ವಿಲಿಯಂ ಬಾರ್ಡನ್ ಅನ್ನೋ ಗ್ರಂಥಪಾಲಕರನ್ನ ಕರೆಸಿದರು. ಬರೋಡದಲ್ಲಿ ಕೇಂದ್ರ ಗ್ರಂಥಾಲಯ ಬಂತು, ಅಲ್ಲಿಂದ ಹಳ್ಳಿಗಳಿಗೆ ಪುಸ್ತಕ ತುಂಬಿದ ಮರದ ಪೆಟ್ಟಿಗೆಗಳು ಹೊರಟವು. ಸಾಗಣೆ ಖರ್ಚು ಸರ್ಕಾರದ್ದೇ.

ಊರಲ್ಲೇ ಕಾಯಂ ಲೈಬ್ರರಿ ಬೇಕು ಅಂದ್ರೆ ಲೆಕ್ಕ ಇನ್ನೂ ಚಂದ. ಊರಿನವರು ಒಂದು ಮೊತ್ತ ಕೂಡಿಸಿದ್ರೆ ಅಷ್ಟೇ ಮೊತ್ತವನ್ನ ಪಂಚಾಯತಿ, ಮತ್ತೆ ಅಷ್ಟನ್ನೇ ಸರ್ಕಾರ ಹಾಕ್ತಿತ್ತು. ಮೂರು ಸಮಪಾಲು. ಪೂರ್ತಿ ಪುಕ್ಕಟೆ ಬಂದದ್ದನ್ನ ಯಾರೂ ನೋಡ್ಕೊಳ್ಳಲ್ಲ, ಪೂರ್ತಿ ಖರ್ಚು ಹೊರಿಸಿದ್ರೆ ಯಾರೂ ಶುರು ಮಾಡಲ್ಲ. ಮೂರರಲ್ಲಿ ಒಂದು ಪಾಲು ನಮ್ಮದಾದ್ರೆ ಪುಸ್ತಕ ನಮ್ಮದು ಅನ್ಸುತ್ತೆ.

1931ರಲ್ಲಿ ತಮಿಳುನಾಡಿನ ಮನ್ನಾರ್‌ಗುಡಿಯಲ್ಲಿ ಕನಕಸಭೈ ಪಿಳ್ಳೈ ಅನ್ನೋರು ಎತ್ತಿನ ಗಾಡಿಯಲ್ಲಿ ಲೈಬ್ರರಿಯನ್ನೇ ಹೊರಡಿಸಿದರು. ಅದೇ ವರ್ಷ ಗ್ರಂಥಾಲಯ ಶಾಸ್ತ್ರದ ಐದು ಸೂತ್ರಗಳ ಪುಸ್ತಕ ಹೊರತಂದ ಎಸ್.ಆರ್. ರಂಗನಾಥನ್ ಹೇಳಿದ್ದರ ಸಾರವೂ ಇದೇ: ಪುಸ್ತಕ ಇರೋದು ಬಳಸೋಕೆ, ಪ್ರತಿ ಓದುಗನಿಗೂ ಅವನ ಪುಸ್ತಕ ಸಿಗಬೇಕು. ಈ ರಂಗನಾಥನ್ ಕೊನೆಗೆ ನೆಲೆಸಿದ್ದು ನಮ್ಮ ಬೆಂಗಳೂರಿನಲ್ಲಿ. 1962ರಲ್ಲಿ ಇಲ್ಲೇ ದಾಖಲೆ ಸಂಶೋಧನೆ ಮತ್ತು ತರಬೇತಿ ಕೇಂದ್ರ ಕಟ್ಟಿದರು, 1972ರಲ್ಲಿ ಇಲ್ಲೇ ತೀರಿಕೊಂಡರು.

ಭಾಗ 5/7: ನೂರು ಪುಸ್ತಕದಿಂದ ಒಂದೇ ಪುಸ್ತಕಕ್ಕೆ

ಇಲ್ಲಿವರೆಗೆ ಪೆಟ್ಟಿಗೆಯಲ್ಲಿ ಇದ್ದದ್ದು ಬೇರೆ ಬೇರೆ ಪುಸ್ತಕ. ನಾನೊಂದು ಓದ್ತೀನಿ, ನೀವೊಂದು ಓದ್ತೀರಿ. ಆದರೆ ಎಲ್ಲರೂ ಒಂದನ್ನೇ ಓದಿ ಕೂತು ಮಾತಾಡಬೇಕು ಅಂದ್ರೆ?

1920ರ ದಶಕದಲ್ಲಿ ನ್ಯೂಜಿಲೆಂಡಿನ ಕ್ಯಾಂಟರ್‌ಬರಿ ಭಾಗದಲ್ಲಿ ಕಾರ್ಮಿಕರ ಶಿಕ್ಷಣ ಸಂಘದವರು ದೂರದ ಹಳ್ಳಿಗಳಿಗೆ ಒಂದು ಪೆಟ್ಟಿಗೆ ಕಳಿಸ್ತಿದ್ರು. ಅದರಲ್ಲಿ ಪುಸ್ತಕದ ಜೊತೆ ಪಾಠದ ಟಿಪ್ಪಣಿ, ಚಿತ್ರಗಳು, ಗ್ರಾಮೊಫೋನ್ ರೆಕಾರ್ಡು. ಮೇಷ್ಟ್ರು ಹೋಗಲಾಗದ ಊರಿಗೆ ಮೇಷ್ಟ್ರ ಬದಲು ಪೆಟ್ಟಿಗೆ. ಊರಿನವರು ಒಂದು ಮನೆಯಲ್ಲಿ ಸೇರಿ ಅದನ್ನ ಬಿಚ್ಚಿ ಚರ್ಚೆ ಮಾಡೋರು. 1947ರ ಹೊತ್ತಿಗೆ ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ಶುರುವಾದ ವಯಸ್ಕರ ಶಿಕ್ಷಣ ಮಂಡಳಿಯೂ ಓದುಬಳಗಗಳಿಗೆ ಪುಸ್ತಕದ ಪೆಟ್ಟಿಗೆ ಕಳಿಸೋ ಕೆಲಸ ಹಿಡಿಯಿತು.

ಇನ್ನೊಂದು ಕಡೆ ಕಂಪ್ಯೂಟರ್ ಬಂತು. 1967ರಲ್ಲಿ ಅಮೆರಿಕದ ಒಹಾಯೊ ರಾಜ್ಯದ ಕಾಲೇಜುಗಳು ಸೇರಿ ಒಂದು ಕೇಂದ್ರ ಕಟ್ಟಿದವು, 1971ರಲ್ಲಿ ಅಲ್ಲಿನ ಲೈಬ್ರರಿಗಳು ಒಂದೇ ಕಂಪ್ಯೂಟರ್ ಪಟ್ಟಿಗೆ ಪುಸ್ತಕ ಸೇರಿಸೋದು ಶುರುವಾಯ್ತು. ಯಾವ ಪುಸ್ತಕ ಯಾವ ಲೈಬ್ರರಿಯಲ್ಲಿದೆ ಅನ್ನೋದು ಕೂತಲ್ಲೇ ಗೊತ್ತಾಗೋಕೆ ದಾರಿ ಆಯ್ತು.

1998ರಲ್ಲಿ ಸಿಯಾಟಲ್‌ನ ಗ್ರಂಥಪಾಲಕಿ ನ್ಯಾನ್ಸಿ ಪರ್ಲ್ "ಇಡೀ ಊರು ಒಂದೇ ಪುಸ್ತಕ ಓದಿದ್ರೆ ಹೇಗಿರುತ್ತೆ?" ಅನ್ನೋ ಪ್ರಶ್ನೆಯನ್ನೇ ಕಾರ್ಯಕ್ರಮ ಮಾಡಿದರು. ಟಿವಿಯ ಬುಕ್ ಕ್ಲಬ್‌ಗಳೂ ಜೋರಾಗಿದ್ದ ಕಾಲ. ಲೈಬ್ರರಿಗಳು ಒಂದೇ ಪುಸ್ತಕದ ಹತ್ತಾರು ಪ್ರತಿ ಕೊಳ್ಳಬೇಕಾಯ್ತು. ಭರಾಟೆ ಇಳಿದಮೇಲೆ ಆ ಪ್ರತಿಗಳನ್ನ ಏನು ಮಾಡೋದು? ಒಂದು ಚೀಲಕ್ಕೆ ತುಂಬಿ, ಚರ್ಚೆಯ ಪ್ರಶ್ನೆಗಳ ಹಾಳೆ ಸೇರಿಸಿ, ಓದುಬಳಗಕ್ಕೆ ಒಟ್ಟಿಗೆ ಸಾಲ ಕೊಡೋದು. ಇದೇ ಬುಕ್ ಕ್ಲಬ್ ಕಿಟ್. ಉಳಿದ ಸರಕನ್ನ ಹೊಸ ಸೇವೆ ಮಾಡಿದ ಕಥೆ.

ಭಾಗ 6/7: ಒಂದು ಬಾರ್‌ಕೋಡಾ, ಹತ್ತಾ?

ಕಿಟ್ ಅಂದ್ರೆ ಸಾಮಾನ್ಯವಾಗಿ ಎಂಟರಿಂದ ಹನ್ನೆರಡು ಪ್ರತಿ, ಪ್ರಶ್ನೆಗಳ ಹಾಳೆ, ಲೇಖಕರ ಪರಿಚಯ, ಮೇಲೊಂದು ಚೆಕ್‌ಲಿಸ್ಟ್. ಕೇಳೋಕೆ ಸುಲಭ. ಆದರೆ ಹಲವು ಲೈಬ್ರರಿಗಳು ಒಂದೇ ಸಾಫ್ಟ್‌ವೇರ್ ಹಂಚಿಕೊಂಡಿರೋ ಕಡೆ ಇದು ದೊಡ್ಡ ತಲೆನೋವು. ಯಾಕೆ ಅಂತ ನೋಡಿ.

ಮೊದಲನೇದು ಎಣಿಕೆ. ಇಡೀ ಚೀಲಕ್ಕೆ ಒಂದೇ ಬಾರ್‌ಕೋಡ್ ಅಂಟಿಸಿದ್ರೆ ಕೊಡೋದು, ವಾಪಸ್ ತಗೊಳ್ಳೋದು ಎರಡೂ ಕ್ಷಣದ ಕೆಲಸ. ಆದರೆ ಒಳಗೆ ಹತ್ತರ ಬದಲು ಒಂಬತ್ತು ಇದ್ರೆ ಕಂಪ್ಯೂಟರಿಗೆ ಗೊತ್ತೇ ಆಗಲ್ಲ, ಕೈಯಿಂದ ಎಣಿಸಬೇಕು. ಪ್ರತಿ ಪುಸ್ತಕಕ್ಕೂ ಬಾರ್‌ಕೋಡ್ ಅಂಟಿಸಿದ್ರೆ ಲೆಕ್ಕ ಪಕ್ಕಾ. ಆದರೆ ಪಕ್ಕದೂರಿನವರು ಅದೇ ಕಾದಂಬರಿಯ ಒಂದು ಪ್ರತಿ ಕೇಳಿದಾಗ ಸಾಫ್ಟ್‌ವೇರ್ ಕಿಟ್ಟಿನೊಳಗಿಂದಲೇ ಒಂದನ್ನ ಎತ್ತಿ ಕಳಿಸೋಕೆ ನೋಡುತ್ತೆ! ಹಾಗಾಗಿ ಕಿಟ್ಟಿನ ಪ್ರತಿಗಳನ್ನ ಬೇರೆ ಗುಂಪಿಗೆ ಹಾಕಿ ಬೀಗ ಹಾಕಬೇಕು.

ಎರಡನೇದು ಸರದಿ. ಮಾಮೂಲಿ ಪುಸ್ತಕಕ್ಕೆ ಕ್ಯೂ ಸಾಕು, ಮುಂದಿನವರಿಗೆ ಸಿಕ್ಕಾಗ ಸಿಗುತ್ತೆ. ಓದುಬಳಗಕ್ಕೆ ಹಾಗಲ್ಲ. ಸಭೆ ತಿಂಗಳ ಕೊನೇ ಭಾನುವಾರ ಅಂದ್ರೆ ಅದಕ್ಕೆ ನಾಲ್ಕು ವಾರ ಮುಂಚೆ ಬೇಕೇ ಬೇಕು. ಆದ್ದರಿಂದ ಕಲ್ಯಾಣ ಮಂಟಪ ಬುಕ್ ಮಾಡಿದ ಹಾಗೆ ತಾರೀಕು ಹಿಡಿಯೋ ವ್ಯವಸ್ಥೆ ಬೇಕು. ಅವಧಿಯೂ ಹೆಚ್ಚು, ಆರರಿಂದ ಎಂಟು ವಾರ.

ಮೂರನೇದು ದುಡ್ಡು. ಒಂದು ಲೈಬ್ರರಿ ಕಿಟ್ ಕೊಳ್ಳುತ್ತೆ, ಉಳಿದವು ಬರೀ ತರಿಸಿಕೊಳ್ತವೆ. ಕೊಂಡವರಿಗೆ ಎಷ್ಟು ದಿನ ತಾಳ್ಮೆ ಇರುತ್ತೆ? ಅದಕ್ಕೇ ಕೆಲವು ಕಡೆ ಎಲ್ಲ ಸದಸ್ಯ ಲೈಬ್ರರಿಗಳೂ ತಮ್ಮ ಪಾಲಿನ ಕಿಟ್ ಸೇರಿಸಬೇಕು. ಬರೋಡದ ಸಮಪಾಲು ನೆನಪಾಯ್ತಾ?

ಕೊನೇದು, ನನಗೆ ಚುಚ್ಚಿದ್ದು. ಕಿಟ್ ಒಬ್ಬರ ಕಾರ್ಡಿನಲ್ಲೇ ಹೋಗುತ್ತೆ. ಆ ಒಬ್ಬರು ಸಹಿ ಹಾಕುವಾಗಲೇ ಹತ್ತೂ ಪ್ರತಿಗೆ ತಾನು ಜವಾಬ್ದಾರಿ ಅಂತ ಅವರಿಗೆ ಗೊತ್ತಿರುತ್ತೆ, ಬಳಗಕ್ಕೂ ಗೊತ್ತಿರುತ್ತೆ. ಎಲ್ಲ ಒಟ್ಟಿಗೆ ವಾಪಸ್ ಬರಬೇಕು. ಒಂದು ಕಳೆದ್ರೆ ಎಷ್ಟೋ ಕಡೆ ದಂಡದ ಬದಲು ಅದೇ ಪುಸ್ತಕದ ಇನ್ನೊಂದು ಪ್ರತಿ ತಂದುಕೊಟ್ರೂ ಸಾಕು. ಒಂದು ಕಳೀಬಹುದು ಅನ್ನೋದನ್ನ ಮೊದಲೇ ಲೆಕ್ಕಕ್ಕೆ ಹಿಡಿದಿರ್ತಾರೆ, ನಾವು ಬ್ಯಾಲೆನ್ಸ್ ಶೀಟ್‌ನಲ್ಲಿ ಪ್ರಾವಿಷನ್ ತೋರಿಸೋ ಹಾಗೆ.

ಭಾಗ 7/7: ಮೊದಲ ಸಹಿ

ನಮ್ಮ ಬಳಗದಲ್ಲಿ ಏನು ತಪ್ಪಾಯ್ತು ಅಂತ ಈಗ ಹೇಳ್ತೀನಿ. ನಾಲ್ಕು ಜಾಗದ ಪುಸ್ತಕ ಸೇರಿಸಿ ನಮಗೇ ಗೊತ್ತಿಲ್ಲದೆ ಒಂದು ಕಿಟ್ ಮಾಡಿದ್ವಿ. ಆದರೆ ಚೆಕ್‌ಲಿಸ್ಟ್ ಇರಲಿಲ್ಲ. ಯಾರ ಪ್ರತಿ ಯಾರ ಕೈಯಲ್ಲಿದೆ ಅಂತ ಬರೆದಿಡಲಿಲ್ಲ. ಕಳೆದ್ರೆ ಏನು ಅಂತ ಮಾತಾಡಲಿಲ್ಲ, ಸ್ನೇಹಿತರ ನಡುವೆ ಅದನ್ನ ಕೇಳೋದು ಸಣ್ಣತನ ಅನ್ನಿಸಿತ್ತು. ಕೊನೆಗೆ ಆ ಸಣ್ಣ ಮಾತು ಆಡದೇ ಇದ್ದದ್ದಕ್ಕೆ ದೊಡ್ಡ ಬೆಲೆ ಕಟ್ಟಿದವಳು ಅವಳು. ಹ್ಯಾಡಿಂಗ್ಟನ್ ಸುತ್ತಲಿನ ಹಳ್ಳಿಗಳಲ್ಲೂ ಪುಸ್ತಕಕ್ಕೆ ಒಬ್ಬರ ಹೆಸರು ಇತ್ತು. ನಿಯಮ ಬರೆಯೋದು ನಂಬಿಕೆ ಇಲ್ಲ ಅಂತಲ್ಲ. ಪುಸ್ತಕ ಕಳೆದ ದಿನ ನಂಬಿಕೆ ಉಳೀಲಿ ಅಂತ.

ಕರ್ನಾಟಕದಲ್ಲಿ 1965ರಿಂದ ಸಾರ್ವಜನಿಕ ಗ್ರಂಥಾಲಯ ಕಾಯ್ದೆ ಇದೆ. ಮನೆ ತೆರಿಗೆ ಜೊತೆ ಗ್ರಂಥಾಲಯ ಕರ ಅಂತ ನಿಮ್ಮಪ್ಪ-ಅಮ್ಮನೂ ಕಟ್ತಾರೆ, ರಶೀದಿ ತೆಗೆದು ನೋಡಿ. ಅಂದ್ರೆ ಒಂದು ಪಾಲು ಆಗಲೇ ನಮ್ಮದು. ಗ್ರಾಮ ಪಂಚಾಯತಿ ಲೈಬ್ರರಿಗಳು 2019ರಿಂದ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ಇಲಾಖೆಯ ಕೈಕೆಳಗಿವೆ, ಪಟ್ಟಣದವು ಗ್ರಂಥಾಲಯ ಇಲಾಖೆಯಲ್ಲಿ, ಕಾಲೇಜಿನವು ಬೇರೆಯೇ. ಮೂರರಲ್ಲೂ ಅದೇ ಕಾದಂಬರಿ ಒಂದೆರಡು ಪ್ರತಿ ಇರುತ್ತೆ. ಒಂದು ಚೀಲಕ್ಕೆ ಬಂದ್ರೆ ಒಂದು ಕಿಟ್ ಆಗುತ್ತೆ, ಬೇರೆ ಬೇರೆ ಕಪಾಟಲ್ಲಿ ಇದ್ರೆ ಒಂದೆರಡೇ.

ಅಷ್ಟು ದೊಡ್ಡ ಬದಲಾವಣೆ ನನ್ನ ಕೈಲಿಲ್ಲ. ನನ್ನ ಕೈಲಿರೋದು ಇಷ್ಟು: ಬಳಗ ಮತ್ತೆ ಶುರು ಮಾಡ್ತಿದ್ದೀನಿ. ಒಂದು ಬಟ್ಟೆ ಚೀಲ, ಒಂದು ನೋಟ್‌ಬುಕ್. ಪ್ರತಿ ಪುಸ್ತಕದ ಮುಂದೆ ಎಲ್ಲಿಂದ ಬಂತು, ಯಾರ ಕಾರ್ಡು, ಈಗ ಯಾರ ಹತ್ತಿರ. ತಿಂಗಳಿಗೆ ಎಲ್ಲರೂ 20 ರೂಪಾಯಿ, ಕಳೆದುಹೋಗೋ ಪುಸ್ತಕಕ್ಕೆ ಅಂತಲೇ. ಒಟ್ಟು ಜವಾಬ್ದಾರಿಗೆ ಒಂದು ಸಹಿ, ಅದು ನನ್ನದು.

ಈ ಸರಣಿ ಹಾಕೋಕೆ ಮುಂಚೆ ಅವಳಿಗೆ ಕಳಿಸಿ ಹಾಕ್ಲಾ ಅಂತ ಕೇಳಿದೆ. "ಹಾಕು, ನನ್ನ ಹೆಸರು ಬೇಡ" ಅಂದಳು. ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು ಮೆಸೇಜ್ ಬಂತು: "ಈ ತಿಂಗಳು ಯಾವ ಪುಸ್ತಕ?"

ನಿಮ್ಮೂರ ಲೈಬ್ರರಿಯಲ್ಲಿ ಒಂದೇ ಪುಸ್ತಕದ ಎಷ್ಟು ಪ್ರತಿ ಇದೆ ಅಂತ ಈ ವಾರ ಹೋಗಿ ನೋಡಿ, ಕಮೆಂಟಲ್ಲಿ ಹೇಳಿ. ಓದುಬಳಗ ಇರೋ ಫ್ರೆಂಡ್‌ಗೆ ಶೇರ್ ಮಾಡಿ.

#ಓದುಬಳಗ #ಗ್ರಂಥಾಲಯ #ಪುಸ್ತಕದಪೆಟ್ಟಿಗೆ #ಇತಿಹಾಸ #ಕನ್ನಡಓದು