ಒಟ್ಟಿಗೆ ಕಲಿತರೆ ಒಟ್ಟಿಗೆ ದುಡಿಯಬಹುದು

ನಮ್ಮ ಹಾನುಬಾಳಿನ ರೋಗಿಯೊಬ್ಬರು ಗುಣಮುಖರಾಗಲು ವೈದ್ಯರೊಬ್ಬರೇ ಸಾಲದು. ಆಶಾ ಕಾರ್ಯಕರ್ತೆ, ನರ್ಸ್, ಲ್ಯಾಬ್ ಟೆಕ್ನಿಷಿಯನ್, ಫಾರ್ಮಾಸಿಸ್ಟ್ ಎಲ್ಲರೂ ಬೇಕು. ಆದರೆ ಇವರು ಕಲಿಯುವುದು ಬೇರೆ ಬೇರೆ ತರಗತಿಗಳಲ್ಲಿ. ಒಬ್ಬರ ಕೆಲಸ ಇನ್ನೊಬ್ಬರಿಗೆ ಸರಿಯಾಗಿ ತಿಳಿಯುವುದು ಆಸ್ಪತ್ರೆ ಸೇರಿದ ಮೇಲೆಯೇ.

ಈ ಕೊರತೆಯನ್ನು ಗುರುತಿಸಿದ ವಿಶ್ವ ಆರೋಗ್ಯ ಸಂಸ್ಥೆಯು ಆರೋಗ್ಯ ವಿಜ್ಞಾನದ ವಿದ್ಯಾರ್ಥಿಗಳು ಜೊತೆಯಾಗಿ ಕಲಿಯಬೇಕೆಂದು 1988ರಲ್ಲಿ ವರದಿ ಪ್ರಕಟಿಸಿತು. 2010ರಲ್ಲಿ ಅದಕ್ಕೊಂದು ಕಾರ್ಯಚೌಕಟ್ಟನ್ನೂ ನೀಡಿತು. ಇದನ್ನೇ ಅಂತರ್‌ವೃತ್ತಿ ಶಿಕ್ಷಣ ಎನ್ನುತ್ತಾರೆ.

ನಮ್ಮ ರಾಜ್ಯದ ಮಣಿಪಾಲದಲ್ಲಿ ಡಾ. ಟಿ.ಎಂ.ಎ. ಪೈ ಅವರು 1953ರಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಸ್ಥಾಪಿಸಿದರು. ಮುಂದೆ ಅಲ್ಲಿ ಫಾರ್ಮಸಿ, ದಂತ, ನರ್ಸಿಂಗ್ ಕಾಲೇಜುಗಳೂ ಬೆಳೆದವು. ಅಮೆರಿಕದ ಫೈಮರ್ ಸಂಸ್ಥೆಯ ಸಹಯೋಗದಲ್ಲಿ ಅಧ್ಯಾಪಕರಿಗೆ ಈ ಶಿಕ್ಷಣಕ್ರಮದ ತರಬೇತಿಯೂ ಅಲ್ಲಿ ಆರಂಭವಾಯಿತು. 2019ರಲ್ಲಿ ಜಾರಿಗೆ ಬಂದ ಎಂ.ಬಿ.ಬಿ.ಎಸ್. ಪಠ್ಯಕ್ರಮವಂತೂ ವೈದ್ಯರು ತಂಡದ ನಾಯಕರಷ್ಟೇ ಅಲ್ಲ, ಸದಸ್ಯರೂ ಹೌದೆಂದು ಹೇಳಿದೆ.

ಹಾಸನದಲ್ಲಿ 2006ರಲ್ಲಿ ವೈದ್ಯಕೀಯ ಕಾಲೇಜು ಆರಂಭವಾಗಿ ನಮ್ಮ ಮಕ್ಕಳಿಗೂ ದಾರಿ ಹತ್ತಿರವಾಯಿತು. ಆದರೂ ನರ್ಸಿಂಗ್ ಸೇರಿದ ಹುಡುಗಿಯನ್ನು “ಡಾಕ್ಟರ್ ಸೀಟು ಸಿಗಲಿಲ್ಲವೇ?” ಎಂದು ಕೇಳುವವರು ನಮ್ಮಲ್ಲಿದ್ದಾರೆ. ಆ ಮಾತು ಅವಳನ್ನು ಕುಗ್ಗಿಸುತ್ತದೆ. ಡಾಕ್ಟರಾಗುವ ಅವಳ ಅಣ್ಣನಿಗೆ ನರ್ಸ್ ಎಂದರೆ ಕಡಿಮೆ ಎಂದು ಕಲಿಸುತ್ತದೆ. ಪೋಷಕರೇ, ಒಟ್ಟಿಗೆ ಕಲಿಯುವ ಮೊದಲ ಪಾಠ ನಮ್ಮ ಮನೆಯಿಂದಲೇ ಆರಂಭವಾಗಲಿ.