ವೃದ್ಧರ ಆರೈಕೆ ಸಹಾಯಕರ ವೃತ್ತಿ ಅರ್ಹತೆ

ವೃದ್ಧರ ಆರೈಕೆ ಸಹಾಯಕರ ವೃತ್ತಿ ಅರ್ಹತೆ ಎಂಬುದು ವಯಸ್ಸು ಅಥವಾ ಕಾಯಿಲೆಯ ಕಾರಣದಿಂದ ದಿನನಿತ್ಯದ ಕೆಲಸಗಳನ್ನು ತಾವೇ ಮಾಡಿಕೊಳ್ಳಲಾಗದ ಹಿರಿಯರನ್ನು ಮನೆ, ವೃದ್ಧಾಶ್ರಮ ಅಥವಾ ಆಸ್ಪತ್ರೆಯಲ್ಲಿ ನೋಡಿಕೊಳ್ಳುವವರಿಗೆ ತರಬೇತಿ ಮತ್ತು ಪರೀಕ್ಷೆಯ ಬಳಿಕ ನೀಡಲಾಗುವ ಮಾನ್ಯತೆ. ಕರ್ನಾಟಕದಲ್ಲಿ ಈ ಕೆಲಸ ಮಾಡುವವರನ್ನು ಆಯಾ, ಹೋಂ ನರ್ಸ್, ವಾರ್ಡ್ ಸಹಾಯಕಿ ಮುಂತಾದ ಹೆಸರುಗಳಿಂದ ಕರೆಯುವುದು ರೂಢಿ. ಭಾರತದಲ್ಲಿ ಈ ಅರ್ಹತೆಗಳು ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟಿಗೆ ಒಳಪಟ್ಟಿವೆ. ಹಲವು ವರ್ಷ ಈ ಕೆಲಸ ಮಾಡಿದ್ದರೂ ಯಾವುದೇ ಪ್ರಮಾಣಪತ್ರವಿಲ್ಲದವರು ತಮ್ಮ ಅನುಭವವನ್ನೇ ಆಧಾರವಾಗಿಟ್ಟುಕೊಂಡು ಅರ್ಹತೆ ಪಡೆಯಲು ಇದರಲ್ಲಿ ಅವಕಾಶವಿದೆ. ವಿಜಯಪುರ ಜಿಲ್ಲೆಯ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿಯಂತಹ, ದುಡಿಯುವ ವಯಸ್ಸಿನವರು ಗುಳೆ ಹೋಗುವ ತಾಲ್ಲೂಕುಗಳಲ್ಲಿ ಈ ಅವಕಾಶಕ್ಕೆ ವಿಶೇಷ ಮಹತ್ವವಿದೆ.

ಹಿನ್ನೆಲೆ

೨೦೧೧ರ ಜನಗಣತಿಯ ಪ್ರಕಾರ ಭಾರತದಲ್ಲಿ ೬೦ ವರ್ಷ ಮೀರಿದವರ ಸಂಖ್ಯೆ ಸುಮಾರು ೧೦.೪ ಕೋಟಿ. ಇದು ಒಟ್ಟು ಜನಸಂಖ್ಯೆಯ ಶೇ. ೮.೬ರಷ್ಟು. ಕರ್ನಾಟಕದಲ್ಲಿ ಈ ಪ್ರಮಾಣ ಶೇ. ೯.೫ರಷ್ಟಿತ್ತು. ಕೂಡು ಕುಟುಂಬದಲ್ಲಿ ವೃದ್ಧರ ಆರೈಕೆ ಸಾಮಾನ್ಯವಾಗಿ ಮನೆಯ ಹೆಣ್ಣುಮಕ್ಕಳ, ಅದರಲ್ಲೂ ಸೊಸೆಯ ಪಾಲಿಗೆ ಬರುತ್ತಿತ್ತು. ಅದಕ್ಕೆ ಕೂಲಿಯಾಗಲಿ, ವೃತ್ತಿಯೆಂಬ ಹೆಸರಾಗಲಿ ಇರಲಿಲ್ಲ. ಕುಟುಂಬಗಳು ಚಿಕ್ಕದಾಗಿ, ಮಕ್ಕಳು ಊರು ಬಿಟ್ಟು ದುಡಿಯಲು ಹೋಗತೊಡಗಿದಂತೆ ಇದು ಸಂಬಳದ ಕೆಲಸವಾಗಿಯೂ ಬೆಳೆಯಿತು.

೨೦೦೭ರ ಪಾಲಕರ ಹಾಗೂ ಹಿರಿಯ ನಾಗರಿಕರ ನಿರ್ವಹಣೆ ಮತ್ತು ಕಲ್ಯಾಣ ಕಾಯ್ದೆಯು ೬೦ ವರ್ಷ ತುಂಬಿದವರನ್ನು ಹಿರಿಯ ನಾಗರಿಕರೆಂದು ಗುರುತಿಸಿ, ಅವರ ನಿರ್ವಹಣೆಯನ್ನು ಮಕ್ಕಳ ಕಾನೂನುಬದ್ಧ ಹೊಣೆಯನ್ನಾಗಿಸಿತು. ೨೦೧೦-೧೧ರಲ್ಲಿ ಕೇಂದ್ರ ಆರೋಗ್ಯ ಸಚಿವಾಲಯವು ವೃದ್ಧರ ಆರೋಗ್ಯ ರಕ್ಷಣೆಯ ರಾಷ್ಟ್ರೀಯ ಕಾರ್ಯಕ್ರಮವನ್ನು ಆರಂಭಿಸಿತು. ಆದರೆ ಹಾಸಿಗೆ ಹಿಡಿದವರನ್ನು ಮಗ್ಗುಲು ಬದಲಿಸುವ, ಸ್ನಾನ ಮಾಡಿಸುವ, ಉಣಿಸುವ ಕೆಲಸ ವೈದ್ಯರದ್ದೂ ಅಲ್ಲ, ಕಾನೂನಿನದ್ದೂ ಅಲ್ಲ. ಈ ಕೆಲಸಕ್ಕೆ ತರಬೇತಾದವರ ಅಗತ್ಯವೇ ವೃತ್ತಿ ಅರ್ಹತೆಗಳು ರೂಪುಗೊಳ್ಳಲು ಮುಖ್ಯ ಕಾರಣ.

ಅರ್ಹತಾ ಚೌಕಟ್ಟು

ರಾಷ್ಟ್ರೀಯ ಕೌಶಲ ಅರ್ಹತಾ ಚೌಕಟ್ಟನ್ನು ಕೇಂದ್ರ ಸರ್ಕಾರವು ೨೦೧೩ರ ಡಿಸೆಂಬರ್ ೨೭ರಂದು ಅಧಿಸೂಚಿಸಿತು. ಮೊದಲು ಇದರಲ್ಲಿ ೧೦ ಹಂತಗಳಿದ್ದವು. ೨೦೨೩ರ ಪರಿಷ್ಕರಣೆಯಲ್ಲಿ ಅವನ್ನು ೮ಕ್ಕೆ ಇಳಿಸಲಾಯಿತು. ಪ್ರತಿ ಹಂತವನ್ನೂ ಕೆಲಸದ ಸ್ವರೂಪ, ವೃತ್ತಿಯ ಜ್ಞಾನ, ವೃತ್ತಿಯ ಕೌಶಲ, ಮೂಲ ಕೌಶಲ ಮತ್ತು ಹೊಣೆಗಾರಿಕೆ ಎಂಬ ಅಂಶಗಳಿಂದ ವಿವರಿಸಲಾಗಿದೆ. ೨೦೧೩ರ ಅಧಿಸೂಚನೆಯಲ್ಲಿ ೪ನೇ ಹಂತದವರು ತಮ್ಮ ಕೆಲಸ ಮತ್ತು ಕಲಿಕೆಗೆ ಮಾತ್ರ ಹೊಣೆ. ೫ನೇ ಹಂತದವರು ಅದರೊಂದಿಗೆ ಇತರರ ಕೆಲಸ ಹಾಗೂ ಕಲಿಕೆಗೂ ಸ್ವಲ್ಪ ಮಟ್ಟಿಗೆ ಹೊಣೆಯಾಗುತ್ತಾರೆ. ಸಾಮಾನ್ಯ ಸಹಾಯಕರಿಗೂ ಮೇಲ್ವಿಚಾರಣೆಯ ಹೊಣೆ ಹೊತ್ತ ಹಿರಿಯ ಸಹಾಯಕರಿಗೂ ಇರುವ ವ್ಯತ್ಯಾಸದ ತಿರುಳು ಇದೇ.

ಆರೋಗ್ಯ ಕ್ಷೇತ್ರದ ವೃತ್ತಿ ಮಾನದಂಡಗಳನ್ನು ಆರೋಗ್ಯ ಕ್ಷೇತ್ರ ಕೌಶಲ ಮಂಡಳಿಯು ಸಿದ್ಧಪಡಿಸುತ್ತದೆ. ತರಬೇತಿ ಕ್ಷೇತ್ರದ ನಿಯಂತ್ರಣವು ೨೦೧೮ರ ಡಿಸೆಂಬರ್‌ನಲ್ಲಿ ಅಧಿಸೂಚಿತವಾದ ರಾಷ್ಟ್ರೀಯ ವೃತ್ತಿ ಶಿಕ್ಷಣ ಮತ್ತು ತರಬೇತಿ ಪರಿಷತ್ತಿನದು. ಪ್ರಮಾಣಪತ್ರ ನೀಡುವ ಸಂಸ್ಥೆಗಳಿಗೆ ಮತ್ತು ಪರೀಕ್ಷೆ ನಡೆಸುವ ಸಂಸ್ಥೆಗಳಿಗೆ ಮಾನ್ಯತೆ ಕೊಡುವುದು ಈ ಪರಿಷತ್ತೇ.

ಅರ್ಹತೆಯ ಬಗೆಗಳು

ಈ ಕ್ಷೇತ್ರದಲ್ಲಿ ಮುಖ್ಯವಾಗಿ ಮೂರು ಅಲ್ಪಾವಧಿ ಅರ್ಹತೆಗಳು ಪ್ರಚಲಿತವಾಗಿವೆ:

• ಜನರಲ್ ಡ್ಯೂಟಿ ಅಸಿಸ್ಟೆಂಟ್: ಆಸ್ಪತ್ರೆಯಲ್ಲಿ ದಾದಿಯರ ಮಾರ್ಗದರ್ಶನದಲ್ಲಿ ರೋಗಿಗಳ ದೈನಂದಿನ ಆರೈಕೆ ಮಾಡುವವರು.
• ಹೋಂ ಹೆಲ್ತ್ ಏಡ್: ರೋಗಿಯ ಮನೆಯಲ್ಲಿಯೇ ಆರೈಕೆ ಮಾಡುವವರು.
• ಜೀರಿಯಾಟ್ರಿಕ್ ಕೇರ್ ಏಡ್: ವೃದ್ಧರ ಆರೈಕೆಗೆಂದೇ ತರಬೇತಾದವರು.

ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯವೂ ವೃದ್ಧರ ಆರೈಕೆ ಸಹಾಯ ಮತ್ತು ಗೃಹ ಆರೋಗ್ಯ ಸಹಾಯ ಎಂಬ ಪ್ರಮಾಣಪತ್ರ ಕೋರ್ಸ್‌ಗಳನ್ನು ರೂಪಿಸಿದೆ. ಪದವೀಧರರಿಗೆ ಕೇಂದ್ರ ಸಾಮಾಜಿಕ ನ್ಯಾಯ ಸಚಿವಾಲಯದ ಅಧೀನದಲ್ಲಿರುವ ರಾಷ್ಟ್ರೀಯ ಸಾಮಾಜಿಕ ರಕ್ಷಣಾ ಸಂಸ್ಥೆಯು ಸಮಗ್ರ ವೃದ್ಧಾರೈಕೆಯಲ್ಲಿ ಒಂದು ವರ್ಷದ ಸ್ನಾತಕೋತ್ತರ ಡಿಪ್ಲೊಮಾವನ್ನು ನಡೆಸಿಕೊಂಡು ಬಂದಿದೆ. ೨೦೧೫ರ ಜುಲೈ ೧೫ರಂದು ಆರಂಭವಾದ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ ಹಾಗೂ ೨೦೧೭ರಲ್ಲಿ ಆರಂಭವಾದ ಮುಖ್ಯಮಂತ್ರಿ ಕೌಶಲ್ಯ ಕರ್ನಾಟಕ ಯೋಜನೆಗಳು ಅಲ್ಪಾವಧಿ ಕೌಶಲ ತರಬೇತಿಯ ವೆಚ್ಚವನ್ನು ಸರ್ಕಾರವೇ ಭರಿಸುವ ಯೋಜನೆಗಳಾಗಿವೆ.

ಕಲಿಕೆಯ ವಿಷಯಗಳು

ಪಠ್ಯದ ಬಹುಭಾಗ ಕೈಕೆಲಸಕ್ಕೆ ಸಂಬಂಧಿಸಿದ್ದು. ಸ್ನಾನ ಮಾಡಿಸುವುದು, ತಲೆ ಬಾಚುವುದು, ಬಟ್ಟೆ ತೊಡಿಸುವುದು, ಊಟ ಮಾಡಿಸುವುದು, ಮಲಮೂತ್ರ ವಿಸರ್ಜನೆಗೆ ನೆರವಾಗುವುದು, ರೋಗಿ ಮಲಗಿರುವಾಗಲೇ ಹಾಸಿಗೆ ಬಟ್ಟೆ ಬದಲಿಸುವುದು, ಸೋಂಕು ತಡೆಯುವುದು ಮತ್ತು ಮರಣಾನಂತರ ದೇಹವನ್ನು ಗೌರವದಿಂದ ಸಿದ್ಧಪಡಿಸುವುದು ಇದರಲ್ಲಿ ಸೇರಿವೆ.

ಮೇಲ್ನೋಟಕ್ಕೆ ಇವು ಎಲ್ಲರಿಗೂ ಬರುವ ಕೆಲಸಗಳಂತೆ ಕಂಡರೂ ತಪ್ಪಾದಲ್ಲಿ ಪರಿಣಾಮ ಗಂಭೀರವಾಗುತ್ತದೆ. ಒಂದೇ ಮಗ್ಗುಲಲ್ಲಿ ಬಹಳ ಹೊತ್ತು ಮಲಗಿದವರ ಸೊಂಟದ ಕೆಳಭಾಗ, ಪೃಷ್ಠ ಮತ್ತು ಹಿಮ್ಮಡಿಗಳಲ್ಲಿ ರಕ್ತ ಸಂಚಾರ ಕುಂದಿ ಹಾಸಿಗೆ ಹುಣ್ಣು ಉಂಟಾಗುತ್ತದೆ. ಆದ್ದರಿಂದ ಸುಮಾರು ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಿ, ಚರ್ಮ ಕೆಂಪಾಗಿದೆಯೇ ಎಂದು ನೋಡಬೇಕೆಂದು ಕಲಿಸಲಾಗುತ್ತದೆ. ಲಕ್ವ ಹೊಡೆದವರನ್ನು ಹಾಸಿಗೆಯಿಂದ ಗಾಲಿಕುರ್ಚಿಗೆ ಸ್ಥಳಾಂತರಿಸುವಾಗ ಕುರ್ಚಿಯನ್ನು ಅವರ ಬಲವಿರುವ ಪಕ್ಕದಲ್ಲಿಟ್ಟು, ಗಾಲಿಗಳಿಗೆ ಬ್ರೇಕ್ ಹಾಕಬೇಕು. ನಿಶ್ಶಕ್ತ ತೋಳನ್ನು ಹಿಡಿದು ಎಳೆಯಬಾರದು. ನುಂಗಲು ಕಷ್ಟಪಡುವವರಿಗೆ ಮಲಗಿಸಿ ಉಣಿಸಿದರೆ ಅನ್ನ ಶ್ವಾಸನಾಳ ಸೇರುವ ಅಪಾಯವಿದೆ. ಅವರನ್ನು ನೆಟ್ಟಗೆ ಕೂರಿಸಿ ಸಣ್ಣ ತುತ್ತುಗಳಲ್ಲಿ ಉಣಿಸಿ, ಊಟದ ನಂತರವೂ ಸ್ವಲ್ಪ ಹೊತ್ತು ಕೂರಿಸಬೇಕು.

ಮರೆಗುಳಿತನವಿರುವವರೊಂದಿಗೆ ವಾದ ಮಾಡದೆ ಚಿಕ್ಕ ವಾಕ್ಯಗಳಲ್ಲಿ ಮಾತನಾಡುವುದು, ಅವರ ನಾಚಿಕೆ ಮತ್ತು ಮರ್ಯಾದೆಗೆ ಧಕ್ಕೆ ಬಾರದಂತೆ ಪರದೆ ಅಥವಾ ಹೊದಿಕೆ ಬಳಸುವುದು, ಕೆಲಸಕ್ಕೆ ಮೊದಲು ಅವರ ಒಪ್ಪಿಗೆ ಕೇಳುವುದು ಸಹ ಪಾಠದ ಭಾಗಗಳಾಗಿವೆ.

ಮೌಲ್ಯಮಾಪನ

ಪರೀಕ್ಷೆಯು ಲಿಖಿತ, ಪ್ರಾಯೋಗಿಕ ಮತ್ತು ಮೌಖಿಕ ಭಾಗಗಳನ್ನು ಒಳಗೊಂಡಿರುತ್ತದೆ. ಕಲಿಸಿದವರೇ ಪರೀಕ್ಷಿಸದೆ, ತರಬೇತಿ ಕೇಂದ್ರಕ್ಕೆ ಸೇರದ ಮೌಲ್ಯಮಾಪಕರು ಪರೀಕ್ಷಿಸುವುದು ಈ ವ್ಯವಸ್ಥೆಯ ಮುಖ್ಯ ನಿಯಮ. ಪ್ರಾಯೋಗಿಕ ಭಾಗದಲ್ಲಿ ಅಭ್ಯರ್ಥಿಯು ಕೈ ತೊಳೆಯುವ ಕ್ರಮ, ಹಾಸಿಗೆ ಸಿದ್ಧಪಡಿಸುವುದು, ರೋಗಿಯನ್ನು ಎತ್ತಿ ಕೂರಿಸುವುದು ಮುಂತಾದವನ್ನು ಮಾಡಿ ತೋರಿಸಬೇಕಾಗುತ್ತದೆ.

ಪೂರ್ವ ಕಲಿಕೆಯ ಮಾನ್ಯತೆ

ಔಪಚಾರಿಕ ತರಬೇತಿ ಇಲ್ಲದೆ ಅನುಭವದಿಂದಲೇ ಕೆಲಸ ಕಲಿತವರ ಕೌಶಲವನ್ನು ಪರೀಕ್ಷಿಸಿ ಪ್ರಮಾಣಪತ್ರ ನೀಡುವ ಕ್ರಮಕ್ಕೆ ಪೂರ್ವ ಕಲಿಕೆಯ ಮಾನ್ಯತೆ ಎನ್ನುತ್ತಾರೆ. ಇದು ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆಯ ಒಂದು ಅಂಗ. ಅಭ್ಯರ್ಥಿಗಳಿಗೆ ಮೊದಲು ಕಿರು ಪರಿಚಯ ತರಬೇತಿ ನೀಡಿ, ಬಳಿಕ ಪರೀಕ್ಷಿಸಲಾಗುತ್ತದೆ. ಪೂರ್ಣಾವಧಿ ತರಗತಿಗೆ ಹಾಜರಾಗಲು ಕೆಲಸ ಬಿಡಬೇಕಾಗಿಲ್ಲದಿರುವುದು ದಿನದ ದುಡಿಮೆಯಿಂದ ಬದುಕುವವರಿಗೆ ಇದರ ದೊಡ್ಡ ಅನುಕೂಲ.

ಅನುಭವಿಗಳಲ್ಲಿ ಹೆಚ್ಚಾಗಿ ಕಂಡುಬರುವ ಕೊರತೆ ಕೈಕೆಲಸದ್ದಲ್ಲ, ಬರವಣಿಗೆಯದು. ಎಷ್ಟು ನೀರು ಕುಡಿದರು, ಎಷ್ಟು ಬಾರಿ ಮೂತ್ರ ಹೋಯಿತು, ಯಾವಾಗ ಮಗ್ಗುಲು ಬದಲಿಸಲಾಯಿತು ಎಂಬುದನ್ನು ಬರೆದಿಡದಿದ್ದರೆ ಮುಂದಿನ ಪಾಳಿಯವರಿಗೂ ವೈದ್ಯರಿಗೂ ಅದು ತಿಳಿಯುವುದಿಲ್ಲ. ದಾಖಲೆ ಬರೆಯಲು ಬರುವುದೇ ಹಿರಿಯ ಸಹಾಯಕರ ಹೊಣೆಗೆ ಏರಲು ಮೊದಲ ಮೆಟ್ಟಿಲು. ಉಳಿದವರಿಗೆ ಪಾಳಿ ಹಂಚುವುದು, ಹೊಸಬರಿಗೆ ಕೆಲಸ ತೋರಿಸಿಕೊಡುವುದು, ಕುಟುಂಬದವರೊಂದಿಗೆ ಮಾತನಾಡುವುದು ಮತ್ತು ವೃದ್ಧರ ಸ್ಥಿತಿ ಹದಗೆಟ್ಟಾಗ ತಡಮಾಡದೆ ದಾದಿ ಅಥವಾ ವೈದ್ಯರಿಗೆ ತಿಳಿಸುವುದು ಆ ಹೊಣೆಯ ಉಳಿದ ಭಾಗಗಳು.

ವಿಜಯಪುರ ಜಿಲ್ಲೆಯಲ್ಲಿ

ವಿಜಯಪುರ ಜಿಲ್ಲೆಯಲ್ಲಿ ಹೊಸ ತಾಲ್ಲೂಕುಗಳು ರಚನೆಯಾಗುವ ಮುನ್ನ ವಿಜಯಪುರದೊಂದಿಗೆ ಇಂಡಿ, ಸಿಂದಗಿ, ಮುದ್ದೇಬಿಹಾಳ ಮತ್ತು ಬಸವನ ಬಾಗೇವಾಡಿ ಸೇರಿ ಐದು ತಾಲ್ಲೂಕುಗಳಿದ್ದವು. ೨೦೧೧ರ ಜನಗಣತಿಯಂತೆ ಜಿಲ್ಲೆಯ ಜನಸಂಖ್ಯೆ ೨೧,೭೭,೩೩೧. ಮಳೆಯಾಶ್ರಿತ ಬೇಸಾಯ ಮತ್ತು ಮರಳಿ ಮರಳಿ ಬರುವ ಬರದ ಕಾರಣ ಇಲ್ಲಿಂದ ಮಹಾರಾಷ್ಟ್ರ, ಗೋವಾ, ಬೆಂಗಳೂರು ಮತ್ತು ಕರಾವಳಿಗೆ ಗುಳೆ ಹೋಗುವುದು ದೀರ್ಘಕಾಲದಿಂದ ನಡೆದುಬಂದಿದೆ. ದುಡಿಯುವವರು ಹೊರಟಾಗ ಊರಿನಲ್ಲಿ ವೃದ್ಧರು ಮತ್ತು ಮಕ್ಕಳು ಉಳಿಯುತ್ತಾರೆ. ಹೀಗೆ ಆರೈಕೆ ಬೇಕಾದವರು ಹಳ್ಳಿಯಲ್ಲಿದ್ದರೆ, ಆರೈಕೆಗೆ ಸಂಬಳ ಕೊಡಬಲ್ಲ ಮನೆಗಳು ಹೆಚ್ಚಾಗಿ ನಗರಗಳಲ್ಲಿವೆ. ಅರ್ಹತೆ ಪಡೆದ ಸಹಾಯಕಿಯೂ ಕೆಲಸ ಹುಡುಕಿ ವಿಜಯಪುರ, ಸೊಲ್ಲಾಪುರ, ಪುಣೆ ಅಥವಾ ಬೆಂಗಳೂರಿನ ಕಡೆ ಹೊರಟರೆ ಹಳ್ಳಿಯ ಕೊರತೆ ಹಾಗೆಯೇ ಉಳಿಯುತ್ತದೆ.

ಪ್ರಾಯೋಗಿಕ ಕಲಿಕೆಗೆ ಆಸ್ಪತ್ರೆಯ ವಾರ್ಡ್ ಅಗತ್ಯ. ನಾಲ್ಕೂ ತಾಲ್ಲೂಕು ಕೇಂದ್ರಗಳಲ್ಲಿ ಸರ್ಕಾರಿ ತಾಲ್ಲೂಕು ಆಸ್ಪತ್ರೆಗಳಿವೆ. ಜಿಲ್ಲಾ ಆಸ್ಪತ್ರೆ, ೧೯೮೬ರಲ್ಲಿ ಆರಂಭವಾದ ಶ್ರೀ ಬಿ.ಎಂ. ಪಾಟೀಲ ವೈದ್ಯಕೀಯ ಕಾಲೇಜು ಮತ್ತು ಅಲ್-ಅಮೀನ್ ವೈದ್ಯಕೀಯ ಕಾಲೇಜುಗಳ ಆಸ್ಪತ್ರೆಗಳು ವಿಜಯಪುರ ನಗರದಲ್ಲಿವೆ. ಇಂದಿರಾ ಗಾಂಧಿ ಮುಕ್ತ ವಿಶ್ವವಿದ್ಯಾಲಯದ ಪ್ರಾದೇಶಿಕ ಕೇಂದ್ರವೂ ಇದೇ ನಗರದಲ್ಲಿದೆ. ಸಿಂದಗಿ ಮತ್ತು ಮುದ್ದೇಬಿಹಾಳ ಪಟ್ಟಣಗಳಿಗೆ ರೈಲು ಸಂಪರ್ಕವಿಲ್ಲದ ಕಾರಣ ನಗರಕ್ಕೆ ಬಸ್ಸಿನಲ್ಲೇ ಬರಬೇಕು. ಮನೆಯಲ್ಲಿ ಮಕ್ಕಳನ್ನೋ ವೃದ್ಧರನ್ನೋ ಬಿಟ್ಟು ಬರಲಾಗದ ಮಹಿಳೆಯರಿಗೆ ದಿನದ ಪ್ರಯಾಣವೇ ತರಬೇತಿಗೆ ಅಡ್ಡಿಯಾಗಬಲ್ಲದು. ಅನುಭವದ ಆಧಾರದ ಮೇಲೆ ತಾಲ್ಲೂಕು ಮಟ್ಟದಲ್ಲಿಯೇ ಪರೀಕ್ಷೆ ನಡೆದರೆ ಈ ಅಡ್ಡಿ ಬಹುಮಟ್ಟಿಗೆ ನಿವಾರಣೆಯಾಗುತ್ತದೆ.

ಹಳ್ಳಿಗಳಲ್ಲಿ ವೃದ್ಧರ ಮನೆಗೆ ಭೇಟಿ ನೀಡುವವರಲ್ಲಿ ಆಶಾ ಕಾರ್ಯಕರ್ತೆಯರು ಮುಖ್ಯರು. ಆಯುಷ್ಮಾನ್ ಭಾರತ ಕಾರ್ಯಕ್ರಮದ ಆರೋಗ್ಯ ಮತ್ತು ಕ್ಷೇಮ ಕೇಂದ್ರಗಳ ಸೇವೆಗಳಲ್ಲಿ ವೃದ್ಧರ ಆರೈಕೆ ಹಾಗೂ ಉಪಶಾಮಕ ಆರೈಕೆಯನ್ನೂ ಸೇರಿಸಲಾಗಿದೆ. ಆಶಾ ಕಾರ್ಯಕರ್ತೆಯ ಭೇಟಿಯು ದಿನವಿಡೀ ಜೊತೆಗಿದ್ದು ಮಾಡುವ ಆರೈಕೆಗೆ ಪರ್ಯಾಯವಲ್ಲವಾದರೂ, ಅಂತಹ ಆರೈಕೆ ಯಾರಿಗೆ ಬೇಕೆಂದು ಗುರುತಿಸಲು ನೆರವಾಗುತ್ತದೆ.

ಕೆಲಸದ ಮಿತಿ

ಆರೈಕೆ ಸಹಾಯಕರು ದಾದಿಯರಲ್ಲ. ‘ಹೋಂ ನರ್ಸ್’ ಎಂಬ ಆಡುಮಾತು ಈ ವ್ಯತ್ಯಾಸವನ್ನು ಮರೆಮಾಚುತ್ತದೆ. ನರ್ಸಿಂಗ್ ವೃತ್ತಿಗೆ ಎರಡು ವರ್ಷದ ಎಎನ್‌ಎಂ, ಮೂರು ವರ್ಷದ ಜಿಎನ್‌ಎಂ ಅಥವಾ ಬಿ.ಎಸ್ಸಿ. ನರ್ಸಿಂಗ್ ಶಿಕ್ಷಣ ಮತ್ತು ರಾಜ್ಯ ನರ್ಸಿಂಗ್ ಪರಿಷತ್ತಿನ ನೋಂದಣಿ ಬೇಕು. ಚುಚ್ಚುಮದ್ದು ನೀಡುವುದು, ಸಲೈನ್ ಹಾಕುವುದು, ಕ್ಯಾತಿಟರ್ ತೂರಿಸುವುದು ಹಾಗೂ ಔಷಧದ ಪ್ರಮಾಣ ಬದಲಿಸುವುದು ಸಹಾಯಕರ ಕೆಲಸವಲ್ಲ. ಮನೆಯವರು ಒತ್ತಾಯಿಸಿದರೂ ಇಂತಹ ಕೆಲಸವನ್ನು ನಿರಾಕರಿಸಲು ತಿಳಿದಿರುವುದು ವೃದ್ಧರ ಮತ್ತು ಸಹಾಯಕರ ಇಬ್ಬರ ಸುರಕ್ಷತೆಗೂ ಅಗತ್ಯ.

ಪ್ರಮಾಣಪತ್ರದ ಪರಿಶೀಲನೆ

ಕೆಲವೇ ವಾರಗಳಲ್ಲಿ ‘ನರ್ಸಿಂಗ್’ ಪ್ರಮಾಣಪತ್ರ ಕೊಡುವುದಾಗಿ ಹೇಳಿ ಹಣ ಪಡೆಯುವ ಕೇಂದ್ರಗಳ ಕಾಗದಕ್ಕೆ ನರ್ಸಿಂಗ್ ಪರಿಷತ್ತಿನ ನೋಂದಣಿ ದೊರೆಯುವುದಿಲ್ಲ. ಶುಲ್ಕ ಕಟ್ಟುವ ಮೊದಲು ಅರ್ಹತೆಯ ಹೆಸರು ರಾಷ್ಟ್ರೀಯ ಅರ್ಹತಾ ದಾಖಲೆಯ ಜಾಲತಾಣದಲ್ಲಿದೆಯೇ, ಅದರ ಹಂತ ಯಾವುದು, ಅವಧಿ ಮುಗಿದಿದೆಯೇ, ಪ್ರಮಾಣಪತ್ರ ನೀಡುವ ಸಂಸ್ಥೆಗೆ ವೃತ್ತಿ ಶಿಕ್ಷಣ ಪರಿಷತ್ತಿನ ಮಾನ್ಯತೆ ಇದೆಯೇ ಎಂಬುದನ್ನು ನೋಡಿಕೊಳ್ಳಬಹುದು. ಪ್ರವೇಶಕ್ಕೆ ಬೇಕಾದ ಶಾಲಾ ಶಿಕ್ಷಣ ಮತ್ತು ತರಬೇತಿಯ ಗಂಟೆಗಳು ಪರಿಷ್ಕರಣೆಯಾದಂತೆ ಬದಲಾಗುವುದರಿಂದ ಚಾಲ್ತಿಯಲ್ಲಿರುವ ಆವೃತ್ತಿಯನ್ನೇ ನೋಡಬೇಕಾಗುತ್ತದೆ.

ದುಡಿಮೆಯ ಹಕ್ಕುಗಳು

ಆರೈಕೆ ಸಹಾಯಕರಲ್ಲಿ ಅನೇಕರು ಲಿಖಿತ ಒಪ್ಪಂದವಿಲ್ಲದೆ ದುಡಿಯುತ್ತಾರೆ. ಕರ್ನಾಟಕವು ಮನೆಕೆಲಸದವರಿಗೆ ೨೦೦೪ರಲ್ಲಿ ಕನಿಷ್ಠ ವೇತನ ನಿಗದಿಪಡಿಸಿತು. ಕೆಲಸದ ಸ್ಥಳದಲ್ಲಿ ಮಹಿಳೆಯರ ಮೇಲಿನ ಲೈಂಗಿಕ ಕಿರುಕುಳ ತಡೆಯುವ ೨೦೧೩ರ ಕಾಯ್ದೆಯು ಮನೆಯನ್ನೂ ಕೆಲಸದ ಸ್ಥಳವೆಂದು ಪರಿಗಣಿಸುತ್ತದೆ. ಮನೆಗೆಲಸದವರು ಜಿಲ್ಲಾ ಮಟ್ಟದ ಸ್ಥಳೀಯ ಸಮಿತಿಗೆ ದೂರು ನೀಡಬಹುದು. ಅಸಂಘಟಿತ ಕಾರ್ಮಿಕರು ೨೦೨೧ರ ಆಗಸ್ಟ್‌ನಲ್ಲಿ ಆರಂಭವಾದ ಇ-ಶ್ರಮ್ ಜಾಲತಾಣದಲ್ಲಿ ಹೆಸರು ನೋಂದಾಯಿಸಬಹುದು. ಹಿರಿಯ ನಾಗರಿಕರ ಸಮಸ್ಯೆಗಳಿಗೆ ೧೪೫೬೭ ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿ ಇದೆ.

ಇತರ ದೇಶಗಳಲ್ಲಿ

ಇಂಗ್ಲೆಂಡಿನಲ್ಲಿ ವಯಸ್ಕರ ಆರೈಕೆಯಲ್ಲಿ ೨ನೇ ಹಂತದ ಡಿಪ್ಲೊಮಾ ಸಾಮಾನ್ಯ ಕಾರ್ಯಕರ್ತರಿಗೂ, ೩ನೇ ಹಂತದ ಡಿಪ್ಲೊಮಾ ಹಿರಿಯ ಕಾರ್ಯಕರ್ತರಿಗೂ ಮೀಸಲಾಗಿದೆ. ಅಲ್ಲಿ ಅಭ್ಯರ್ಥಿ ಕೆಲಸ ಮಾಡುತ್ತಿರುವಲ್ಲಿಗೇ ಮೌಲ್ಯಮಾಪಕರು ಬಂದು ನೋಡಿ, ದಾಖಲೆಗಳನ್ನು ಪರಿಶೀಲಿಸುತ್ತಾರೆ. ಅಲ್ಲಿನ ಹಂತಗಳ ಎಣಿಕೆ ಬೇರೆಯಾದ್ದರಿಂದ ಭಾರತದ ೪ನೇ ಹಂತವನ್ನು ಅಲ್ಲಿನ ೪ನೇ ಹಂತಕ್ಕೆ ಸಮವೆಂದು ಭಾವಿಸುವುದು ತಪ್ಪಾಗುತ್ತದೆ. ಜಪಾನ್ ೨೦೨೧ರ ಜನವರಿಯಲ್ಲಿ ಭಾರತದೊಂದಿಗೆ ಮಾಡಿಕೊಂಡ ಕುಶಲ ಕಾರ್ಮಿಕರ ಒಪ್ಪಂದದಲ್ಲಿ ವೃದ್ಧರ ಆರೈಕೆಯನ್ನೂ ಸೇರಿಸಿದೆ. ಅದಕ್ಕೆ ಕೌಶಲ ಪರೀಕ್ಷೆಯೊಂದಿಗೆ ಜಪಾನಿ ಭಾಷಾ ಪರೀಕ್ಷೆಯಲ್ಲೂ ತೇರ್ಗಡೆಯಾಗಬೇಕು.